ನೂರಕ್ಕೆ ನೂರು ತೆಗೆಯುವವರ ಒಳಗಿನ ಗಾಬರಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ, ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಒಳ್ಳೆಯ ಹೆಸರಿದೆ, ಬಡ್ತಿಯೂ ಸಿಕ್ಕಿದೆ. ಹೊರಗಿನವರ ಕಣ್ಣಿಗೆ ಬಹಳ ಸಮಾಧಾನದ ಮನುಷ್ಯ. ಮನೆಯಲ್ಲಿ ಮಾತ್ರ ರಾತ್ರಿ ಮೂರಕ್ಕೆ ಎದ್ದು ಕೂರುತ್ತಾರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಭಾನುವಾರ ಸಂಜೆಯಾದರೆ ಮಾತೇ ಇಲ್ಲ. ಕೇಳಿದರೆ ‘ಕೆಲಸ ಜಾಸ್ತಿ, ಅಷ್ಟೇ’ ಅನ್ನುತ್ತಾರೆ. ಇದು ಬರೀ ಕೆಲಸದ ಒತ್ತಡವೇ?
– ಗೃಹಿಣಿ, ಬೆಂಗಳೂರು

ಉತ್ತರ: ಕೆಲಸದ ಒತ್ತಡ ಕೆಲಸ ಮುಗಿದ ಮೇಲೆ ಇಳಿಯಬೇಕು. ಪ್ರಾಜೆಕ್ಟ್ ಒಪ್ಪಿಸಿದ ನಂತರದ ವಾರ ಹೇಗಿರುತ್ತಾರೆ, ಅದನ್ನು ಗಮನಿಸಿ. ಆ ವಾರವೂ ಮೂರಕ್ಕೇ ಎಚ್ಚರವಾಗಿ, ಮನಸ್ಸು ಹೊಸದೊಂದು ಚಿಂತೆ ಹುಡುಕಿಕೊಂಡಿದ್ದರೆ (ಮಗನ ಫೀಸು, ಅಪ್ಪನ ಕೆಮ್ಮು, ಮುಂದಿನ ಅಪ್ರೈಸಲ್) ಆತಂಕದ ತೊಂದರೆ ಇರಬಹುದು ಅಂತ ಅನುಮಾನಿಸಬೇಕು. ಹೆಚ್ಚುಕಡಿಮೆ ದಿನವೂ, ಆರು ತಿಂಗಳಿಂದ, ಹಿಡಿತಕ್ಕೆ ಸಿಗದ ಚಿಂತೆ. ಜೊತೆಗೆ ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಕುತ್ತಿಗೆ–ದವಡೆಯ ಬಿಗಿತ, ನಿದ್ದೆಗೇಡು, ಈ ಆರರಲ್ಲಿ ಮೂರಾದರೂ ಇದ್ದು ಬದುಕಿಗೆ ತೊಡಕಾಗುತ್ತಿದ್ದರೆ ವೈದ್ಯರು ಸಾಮಾನ್ಯೀಕೃತ ಆತಂಕದ ಕಾಯಿಲೆಯನ್ನು ಪರಿಗಣಿಸುತ್ತಾರೆ. ‘ಹೈ ಫಂಕ್ಷನಿಂಗ್ ಆಂಕ್ಸೈಟಿ’ (ಹೊರಗೆ ಎಲ್ಲ ಸರಿ, ಒಳಗೆ ಆತಂಕ) ಎಂಬ ಮಾತು ಈಗ ಎಲ್ಲೆಡೆ ಓಡಾಡುತ್ತಿದೆ. ಅದು ರೋಗನಿರ್ಣಯದ ಹೆಸರಲ್ಲ. ಆದರೆ ಅದು ಹೇಳುವ ಕಷ್ಟ ನಿಜವಾದದ್ದೇ.

ಇಂಥವರ ಆತಂಕ ಇಷ್ಟು ದಿನ ಕಣ್ಣಿಗೆ ಬೀಳದಿರಲು ಕಾರಣ, ಅದು ಕೆಲಸ ಕೆಡಿಸುವುದಿಲ್ಲ, ಮಾಡಿಸುತ್ತದೆ. ಒಂದು ಮೇಲ್‌ನ ಉದಾಹರಣೆ ನೋಡಿ. ಆರು ಸಾಲಿನ ಮೇಲ್ ಅನ್ನು ಎಂಟು ಸಲ ಓದಿ ಕಳಿಸುತ್ತಾರೆ. ಕಳಿಸಿದ ಮೇಲೂ ‘ಸೆಂಟ್’ ತೆರೆದು, ಆಗಲೇ ಹೋಗಿಬಿಟ್ಟಿರುವ ಮೇಲ್ ಅನ್ನೇ ಇನ್ನೊಮ್ಮೆ ಓದುತ್ತಾರೆ. ತಪ್ಪೇನೂ ಆಗಲಿಲ್ಲ. ‘ಎಂಟು ಸಲ ಓದಿದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಒಂದೇ ಸಲ ಓದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಪ್ರತಿ ಮೆಚ್ಚುಗೆಯೂ ಆ ಭಯಕ್ಕೇ ಸಲ್ಲುತ್ತದೆ. ‘ನನ್ನ ಬಂಡವಾಳ ಒಂದು ದಿನ ಬಯಲಾಗುತ್ತೆ’ ಎಂದು ಒಳಗೊಳಗೇ ಅಂದುಕೊಳ್ಳುವ ಯಶಸ್ವಿಗಳನ್ನು 1978ರಲ್ಲೇ ಪೌಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು ವಿವರಿಸಿದ್ದರು.

ಮನೆಯವರು ನೋಡಬಹುದಾದ ಇನ್ನು ಕೆಲವು ಗುರುತುಗಳಿವೆ. ಬೇರೆಯವರಿಗೆ ಕೆಲಸ ಹಂಚಲು ಆಗದು. ಹಂಚಿದರೂ ರಾತ್ರಿ ಕೂತು ತಾವೇ ಮತ್ತೆ ಮಾಡುತ್ತಾರೆ. ‘ಆಗಲ್ಲ’ ಎಂಬ ಮಾತು ಬಾಯಿಗೆ ಬಾರದು. ರಜೆಯ ಮೊದಲ ದಿನವೇ ತಲೆನೋವು. ಹೊಗಳಿದರೆ ತಕ್ಷಣ ಮಾತು ಬದಲಿಸುತ್ತಾರೆ.

‘ಟೆನ್ಷನ್ ಮಾಡ್ಕೋಬೇಡಿ’ ಎಂದು ದಯವಿಟ್ಟು ಹೇಳಬೇಡಿ. ‘ಭಾನುವಾರ ಸಂಜೆ ಸುಮ್ಮನಾಗ್ತೀರಲ್ಲ, ಆಗ ತಲೇಲಿ ಏನು ಓಡ್ತಿರುತ್ತೆ?’ ಎಂದು ಕೇಳಿ. ಇಂಥ ನೇರ ಪ್ರಶ್ನೆಗೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಅವರು ಒಪ್ಪಿದರೆ ಒಂದು ಪ್ರಯೋಗ ಮಾಡಬಹುದು. ಮಾಮೂಲಿ ಮೇಲ್ ಒಂದನ್ನು ಆರಿಸಿಕೊಳ್ಳಲಿ. ಗ್ರಾಹಕರಿಗೆ ಹೋಗುವ ದೊಡ್ಡ ವರದಿ ಬೇಡ. ಎರಡೇ ಸಲ ಓದಿ ಕಳಿಸುವ ಮೊದಲು ಚೀಟಿಯಲ್ಲಿ ‘ಏನಾಗಬಹುದು, ನೂರಕ್ಕೆ ಎಷ್ಟು ಖಾತ್ರಿ’ ಎಂದು ಬರೆಯಲಿ. 24 ಗಂಟೆ ಬಿಟ್ಟು ನಿಜಕ್ಕೂ ಆದದ್ದನ್ನು ಕೆಳಗೆ ಬರೆಯಲಿ. ವಾರಕ್ಕೆ ಮೂರು ಸಲ, ಎರಡು ವಾರ ಮಾಡಿದ ಮೇಲೆ ಓದುವುದನ್ನು ಒಂದೇ ಸಲಕ್ಕೆ ಇಳಿಸಲಿ. ಕಳಿಸಿದ ಕೂಡಲೇ ಎದೆ ಡವಡವ ಹೆಚ್ಚುತ್ತದೆ. ಏನೂ ಮಾಡದೆ ಬಿಟ್ಟರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ನಡುವೆ ‘ಸೆಂಟ್’ ತೆರೆದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು. ಇನ್ನೊಂದು ರೀತಿಯಲ್ಲೂ ಕೆಡುತ್ತದೆ: ತಾವು ಓದುವುದನ್ನು ಬಿಟ್ಟು ‘ನೀನೊಮ್ಮೆ ನೋಡು, ಸರಿಯಿದೆಯಾ?’ ಎಂದು ನಿಮ್ಮನ್ನು ಕೇಳತೊಡಗುತ್ತಾರೆ. ಪರಿಶೀಲನೆ ಕೈ ಬದಲಿಸಿತು, ನಿಲ್ಲಲಿಲ್ಲ. ಪ್ರೀತಿಯಿಂದಲೇ ‘ಇವತ್ತು ನಾನು ಹೇಳಲ್ಲ’ ಅನ್ನಿ.

ಕಾಫಿಯ ಬಗ್ಗೆ ಒಂದು ಮಾತು. ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಸ್ಟ್ರಾಂಗ್ ಕಾಫಿಯ ಅರ್ಧ ಭಾಗ ಹನ್ನೊಂದಕ್ಕೂ ಒಳಗೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಥೈರಾಯ್ಡ್ ಹೆಚ್ಚಾಗಿದ್ದರೂ ಎದೆಬಡಿತ, ಬೆವರು, ನಿದ್ದೆಗೇಡು ಬರುವುದರಿಂದ ಒಮ್ಮೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಗಳು ದ್ವಿತೀಯ ಪಿಯು ವಿಜ್ಞಾನ, ಕ್ಲಾಸಿಗೆ ಫಸ್ಟ್. ಟೆಸ್ಟ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು, ತಿಂಡಿ ತಿನ್ನುವುದಿಲ್ಲ. 97 ಬಂದರೆ ಆ ಮೂರು ಅಂಕಕ್ಕೆ ಅಳುತ್ತಾಳೆ. ಅವರಪ್ಪ ‘ಓದೋ ಹುಡುಗಿ, ಅಷ್ಟು ಛಲ ಇರಬೇಕು’ ಅನ್ನುತ್ತಾರೆ.
– ತಾಯಿ, ದಾವಣಗೆರೆ

ಉತ್ತರ: ಅವಳ ನೋಟ್‌ಬುಕ್ ಕೈಗೆತ್ತಿಕೊಂಡು ನೋಡಿ, ಅಮ್ಮ. ಒಂದು ಪದ ಹೊಡೆದುಹಾಕಬೇಕಾಗಿ ಬಂತೆಂದು ಹಾಳೆಯನ್ನೇ ಹರಿದಿದ್ದಾಳೆಯೇ? ಹೊಲಿಗೆಯ ಬಳಿ ಹರಿದ ಅಂಚುಗಳು ಉಳಿದು, 200 ಪುಟದ ಪುಸ್ತಕ ಅರ್ಧಕ್ಕೇ ಸೊರಗಿದೆಯೇ? ಛಲದಿಂದ ಓದುವ ಹುಡುಗಿ ಟೆಸ್ಟ್ ಮುಗಿದ ಸಂಜೆ ಗೆಳತಿಯರ ಜೊತೆ ನಗುತ್ತಾಳೆ. ಹೆದರಿಕೆಯಿಂದ ಓದುವವಳು ಬರೆದ ಉತ್ತರಗಳನ್ನೇ ಮೆಲುಕು ಹಾಕುತ್ತಾ ಕೂರುತ್ತಾಳೆ.

ಹೊಟ್ಟೆನೋವು ನಾಟಕವಲ್ಲ. ಮಿದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ, ಗಾಬರಿಯಾದಾಗ ಕರುಳಿನ ಚಲನೆ ಬದಲಾಗುತ್ತದೆ. ಆದರೂ ತೂಕ ಇಳಿದಿದೆಯೇ, ಹಿಮೋಗ್ಲೋಬಿನ್ ಎಷ್ಟಿದೆ, ಮುಟ್ಟು ಸರಿಯಾಗಿದೆಯೇ ಎಂದು ವೈದ್ಯರಲ್ಲಿ ತೋರಿಸಿ.

ಮನೆಯಲ್ಲಿ ಮಾಡಬೇಕಾದ್ದು: ಒಂದು ರಫ್ ಪುಸ್ತಕ ಕೊಟ್ಟು, ‘ಇದರಲ್ಲಿ ಹಾಳೆ ಹರಿಯೋ ಹಾಗಿಲ್ಲ, ಪೆನ್ನಲ್ಲೇ ಬರೀಬೇಕು’ ಎಂಬ ಒಂದೇ ನಿಯಮ ಹಾಕಿ. ಒಂದು ಪಾಠದ ಟಿಪ್ಪಣಿಗೆ 45 ನಿಮಿಷ, ಗಂಟೆ ಹೊಡೆದಾಗ ಮುಗಿದಷ್ಟಕ್ಕೆ ಮುಚ್ಚಬೇಕು. ಮೊದಲ ವಾರ ಅಳುತ್ತಾಳೆ, ಬಿಡಬೇಡಿ. ‘ಆ ಮೂರು ಮಾರ್ಕ್ಸ್ ಎಲ್ಲಿ ಹೋಯ್ತು?’ ಎಂಬ ಪ್ರಶ್ನೆ, ಪಕ್ಕದ ಮನೆಯ ಮಗುವಿನ ನೀಟ್ ರ‍್ಯಾಂಕ್, ಇವೆರಡೂ ಊಟದ ಹೊತ್ತಿನಲ್ಲಿ ಬೇಡವೆಂದು ಅವರಪ್ಪನಿಗೂ ಹೇಳಿ. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಒಮ್ಮೆ ಬಂದರೂ ಅಂಕದ ವಿಷಯ ಪಕ್ಕಕ್ಕಿಟ್ಟು, ಅವಳನ್ನು ಒಂಟಿಯಾಗಿ ಬಿಡದೆ, ಅವತ್ತೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಾನು ಚಾರ್ಟರ್ಡ್ ಅಕೌಂಟೆಂಟ್, 34 ವರ್ಷ. ಇಂಟರ್‌ನೆಟ್ಟಿನಲ್ಲಿ ಜಿಎಡಿ–7 ಎಂಬ ಆತಂಕದ ಪ್ರಶ್ನಾವಳಿ ಮಾಡಿದೆ, 13 ಬಂತು. ಗೆಳೆಯನೊಬ್ಬ ಕೊಟ್ಟ ಆತಂಕ ಇಳಿಸುವ ಮಾತ್ರೆ ಆಲ್‌ಪ್ರಝೋಲಾಂ ಎರಡು ತಿಂಗಳಿಂದ ರಾತ್ರಿ ನುಂಗುತ್ತಿದ್ದೇನೆ. ಆಸ್ಪತ್ರೆಗೆ ಹೋದರೆ ಆಫೀಸಿಗೆ ಗೊತ್ತಾಗುತ್ತದೆಂಬ ಭಯ.
– ಹುಬ್ಬಳ್ಳಿ ಓದುಗರು

ಉತ್ತರ: ಆ ಏಳು ಪ್ರಶ್ನೆಗಳ ಒಟ್ಟು ಅಂಕ 21. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು ಎಂದಷ್ಟೇ ಅರ್ಥ, ಅದೇ ಕಾಯಿಲೆಯ ತೀರ್ಪಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಮ್ಮ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ.

ನಮಗೆ ಹೆಚ್ಚು ಕಳವಳ ಆ ಮಾತ್ರೆಯದು. ಅದು ಬೇಗ ಸಮಾಧಾನ ಕೊಡುತ್ತದೆ, ಅದಕ್ಕೇ ಬೇಗ ಅಂಟಿಕೊಳ್ಳುತ್ತದೆ. ಎರಡು ತಿಂಗಳಾದ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಆತಂಕ ಇಮ್ಮಡಿಯಾಗಿ, ಕೈನಡುಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಇದರ ಜೊತೆ ಮದ್ಯ ಬೇಡವೇ ಬೇಡ. ಮನೋವೈದ್ಯರು ಇದನ್ನು ಹಂತಹಂತವಾಗಿ ಇಳಿಸುತ್ತಾರೆ. ಬೇಕಿದ್ದರೆ ಚಟ ಹಿಡಿಸದ ಬೇರೆ ಔಷಧಿ ಶುರು ಮಾಡುತ್ತಾರೆ. ಅದರ ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಹತ್ತನೇ ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಎಂದು ಬಿಡಬೇಡಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ನಡವಳಿಕೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ 12ರಿಂದ 16 ಭೇಟಿ. ಮೊದಲ ದಿನ ಹೋಗುವಾಗ ಖಾಲಿಯಾದ ಮಾತ್ರೆಪಟ್ಟಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ; ಎಷ್ಟು ಮಿಲಿಗ್ರಾಂ ಎಂಬುದರ ಮೇಲೆಯೇ ಇಳಿಸುವ ಲೆಕ್ಕ ನಿಂತಿದೆ.