‘ಪಬ್ಲಿಕ್ ಜಾಗ ತಾನೇ?’ ಅಂತ ಕೇಳುವವರಿಗೆ

ಈ ಅಂಕಣಕ್ಕೆ ಮೊದಲೆಲ್ಲ ಲೆನ್ಸ್ ಬಗ್ಗೆ, ಬೆಳಕಿನ ಬಗ್ಗೆ ಪ್ರಶ್ನೆ ಬರುತ್ತಿದ್ದವು. ಈಗ ವಾರ ಬಿಟ್ಟು ವಾರ ಒಂದೇ ರಾಗ. ಗುರುತಿಲ್ಲದವರ ಫೋಟೋ ತೆಗೆದೆ, ಅವರು ಜಗಳಕ್ಕೆ ಬಂದರು, ತಪ್ಪು ಯಾರದ್ದು? ಹೆಚ್ಚಿನವರಿಗೆ ಉತ್ತರ ಬೇಕಿಲ್ಲ. ‘ತಪ್ಪು ಅವರದ್ದೇ’ ಅಂತ ನಾನು ಬರೆದುಕೊಟ್ಟರೆ ಸಾಕು. ಅದು ಆಗುವುದಿಲ್ಲ. ಇನ್ನು ಹೊಳೆಯಲ್ಲಿ ಸ್ನಾನ ಮಾಡುವವರತ್ತ ಕ್ಯಾಮೆರಾ ತಿರುಗಿಸಬಾರದು ಅನ್ನುವಂಥ ಪಾಠವನ್ನು ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಕ್ಯಾಮೆರಾ ಮಾರಿಬಿಡಲಿ.

ಪ್ರಶ್ನೆ: ನಮ್ಮ ಕಡೆಯ ಜಾತ್ರೆಯಲ್ಲಿ ಬಲೂನು ಮಾರುತ್ತಿದ್ದ ಏಳೆಂಟು ವರ್ಷದ ಹುಡುಗಿಯ ಫೋಟೋ ತೆಗೆದೆ. ‘ಬಡತನದಲ್ಲೂ ಬತ್ತದ ನಗು’ ಅಂತ ಬರೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದೆ. ತುಂಬಾ ಜನ ಮೆಚ್ಚಿದರು. ಈಗ ಹುಡುಗಿಯ ಚಿಕ್ಕಪ್ಪ ಮೆಸೇಜ್ ಮಾಡಿ, ‘ಅವಳು ಶಾಲೆಗೆ ಹೋಗುವ ಹುಡುಗಿ. ಜಾತ್ರೆ ದಿನ ಅಪ್ಪನ ಜೊತೆ ನಿಂತಿದ್ದಳು ಅಷ್ಟೆ. ಕ್ಲಾಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ, ತೆಗೆಯಿರಿ’ ಅಂದಿದ್ದಾರೆ. ಸಾರ್ವಜನಿಕ ಜಾಗ, ತೆಗೆಯಬೇಕಾದ ಅಗತ್ಯವಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಸ್ಪರ್ಧೆಗೂ ಕಳಿಸಬೇಕೆಂದಿದ್ದೇನೆ. ತೆಗೆಯಲೇಬೇಕಾ? – ದಾವಣಗೆರೆಯ ಓದುಗರು

ತೆಗೆಯಿರಿ. ಈಗಲೇ. ಆಮೇಲೆ ಮುಂದಕ್ಕೆ ಓದಿ.

ಮೊದಲು ನಿಮ್ಮ ಗೆಳೆಯರ ಕಾನೂನು ಜ್ಞಾನ. ಬೀದಿಯಲ್ಲಿ, ಜಾತ್ರೆಯಲ್ಲಿ ಫೋಟೋ ತೆಗೆಯುವುದನ್ನೇ ಪೂರ್ತಿ ನಿಷೇಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಅಲ್ಲಿಯವರೆಗೆ ಅವರು ಹೇಳಿದ್ದು ಸರಿ. ಆದರೆ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳೆದುಹೋಗುವುದಿಲ್ಲ ಅನ್ನುವ ಮಾತು ಆ ತೀರ್ಪಿನಲ್ಲೇ ಇದೆ. ‘ಪಬ್ಲಿಕ್ ಜಾಗ ತಾನೇ’ ಅನ್ನುವವರು ಯಾರೂ ಅದನ್ನು ಓದಿಲ್ಲ. ಅವರಿಗೆ ಇದನ್ನು ಕಲಿಸಿದ್ದು ಭಾನುವಾರದ ವರ್ಕ್‌ಶಾಪ್ ಗುರುಗಳು. ‘ಮೊದಲು ಕ್ಲಿಕ್ ಮಾಡಿ, ಕೇಳಿದರೆ ನಕ್ಕುಬಿಡಿ’ ಅಂತ ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ. ಏಟು ತಿನ್ನುವ ದಿನ ಗುರುಗಳು ಅಲ್ಲಿರುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಕಾನೂನಿಗಿಂತ ನನ್ನನ್ನು ಕಾಡಿದ್ದು ಆ ಸಾಲು. ‘ಬಡತನದಲ್ಲೂ ಬತ್ತದ ನಗು.’ ಬಡತನ ಅಂತ ನಿಮಗೆ ಹೇಳಿದವರು ಯಾರು? ಹುಡುಗಿಯ ಹೆಸರು ಕೇಳಿದಿರಾ? ಪಕ್ಕದಲ್ಲಿದ್ದ ಅಪ್ಪನನ್ನು ಮಾತಾಡಿಸಿದಿರಾ? ಇಲ್ಲ. ಒಂದು ಫ್ರೇಮ್ ಸಿಕ್ಕಿತು, ಅದಕ್ಕೆ ಒಂದು ಕಥೆ ಕಟ್ಟಿದಿರಿ. ಆ ಕಥೆ ಸುಳ್ಳು. ಆ ಸುಳ್ಳನ್ನು ಈಗ ಮಗು ಕ್ಲಾಸಿನಲ್ಲಿ ಹೊರುತ್ತಿದೆ. ಫೋಟೋ ತೆಗೆಯುವುದು ಬೇರೆ, ಅದನ್ನು ಊರಿಗೆಲ್ಲ ತೋರಿಸುವುದು ಬೇರೆ, ಅದಕ್ಕೆ ಮಾತು ಸೇರಿಸುವುದು ಇನ್ನೂ ಬೇರೆ. ಈ ಮೂರಕ್ಕೂ ಒಂದೇ ಒಪ್ಪಿಗೆ ಸಾಕು ಅಂದುಕೊಳ್ಳುತ್ತೀರಿ. ನಿಮ್ಮ ಹತ್ತಿರ ಆ ಒಂದೂ ಇರಲಿಲ್ಲ.

‘ಮಗು ನಕ್ಕಿತಲ್ಲ’ ಅಂತ ಬರೆಯಬೇಡಿ. ಮಕ್ಕಳು ಕ್ಯಾಮೆರಾ ಕಂಡರೆ ನಗುತ್ತಾರೆ. ಹಂಪಿಯಲ್ಲಿ ಹೋಗಿ ನಿಂತರೆ ಅವರೇ ಓಡಿಬಂದು ‘ಒನ್ ಫೋಟೋ’ ಅನ್ನುತ್ತಾರೆ. ಆ ಚಿತ್ರ ನಾಳೆ ಎಲ್ಲಿಗೆ ಹೋಗುತ್ತದೆ, ಯಾರು ಇಳಿಸಿಕೊಳ್ಳುತ್ತಾರೆ, ಎಐ ಆ್ಯಪ್‌ಗೆ ಹಾಕಿ ಏನು ಮಾಡುತ್ತಾರೆ ಅಂತ ಅವಕ್ಕೆ ಗೊತ್ತಿಲ್ಲ. ಹಾಗಾಗಿ ಒಪ್ಪಿಗೆ ಕೊಡಬೇಕಾದವರು ತಂದೆ ತಾಯಿ. ಟೀಚರ್ ಅಲ್ಲ, ಪಕ್ಕದ ಅಂಗಡಿಯವರೂ ಅಲ್ಲ. ದೊಡ್ಡವರು ಹೂಂ ಅಂದರೂ ಮಗು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು.

ಈ ಮಾತು ಹೇಳಿದ ತಕ್ಷಣ ಯಾರಾದರೂ ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಫೋಟೋ ಎದುರಿಗೆ ಹಿಡಿಯುತ್ತಾರೆ. ಸರಿ, ಅದನ್ನೇ ನೋಡೋಣ. ಸ್ಟೀವ್ ಮೆಕರಿ ಅದನ್ನು ತೆಗೆದದ್ದು 1984ರಲ್ಲಿ, ಪೆಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಜಗತ್ತೆಲ್ಲ ನೋಡಿತು. 2002ರಲ್ಲಿ ಹುಡುಕಿಕೊಂಡು ಹೋಗುವವರೆಗೆ ಅದನ್ನು ನೋಡದೆ ಇದ್ದವಳು ಆಕೆ ಒಬ್ಬಳೇ ಅನ್ನಬೇಕು. ಅಷ್ಟು ವರ್ಷ ಆಕೆಯ ಹೆಸರೂ ಓದುಗರಿಗೆ ಗೊತ್ತಿರಲಿಲ್ಲ. ಮಹಾ ಚಿತ್ರ, ಒಪ್ಪುತ್ತೇನೆ. ಆದರೆ ಅದು ನಿಮಗೆ ಪರವಾನಗಿ ಅಲ್ಲ.

ಮಾದರಿ ಬೇಕಿದ್ದರೆ ಅಷ್ಟು ದೂರ ಯಾಕೆ ಹೋಗಬೇಕು? ಮೈಸೂರಿನ ಟಿ.ಎಸ್. ಸತ್ಯನ್ ಇದ್ದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲೇ ನಡೆಯಿತು. ಅವರ ಚಿತ್ರಗಳಲ್ಲೂ ಬಡ ಮಕ್ಕಳಿದ್ದಾರೆ. ಆದರೆ ಆ ಮಕ್ಕಳು ಆಟದಲ್ಲಿ, ಓದಿನಲ್ಲಿ, ತಮ್ಮದೇ ಲೋಕದಲ್ಲಿ ಮುಳುಗಿದ್ದಾರೆ. ನೋಡುವವರಿಂದ ಅಯ್ಯೋ ಪಾಪ ಕೇಳುವುದಿಲ್ಲ. ಮಕ್ಕಳ ಫೋಟೋ ತೆಗೆಯಲೇಬಾರದು ಅನ್ನುವವನು ನಾನಲ್ಲ. ಹಾಗಂದಿದ್ದರೆ ಪತ್ರಿಕೆಯ ಕೆಲಸ ಮಾಡಲು ಆಗುತ್ತಿರಲಿಲ್ಲ.

ಮುಂದಿನ ಜಾತ್ರೆಗೆ ಹೀಗೆ ಮಾಡಿ. ಹೋದ ಕೂಡಲೇ ಕ್ಯಾಮೆರಾ ಎತ್ತಬೇಡಿ. ಕುತ್ತಿಗೆಗೆ ಹಾಕಿಕೊಂಡು ಸುಮ್ನೆ ಓಡಾಡಿ, ಮಂಡಕ್ಕಿ ತಿನ್ನಿ, ದೊಡ್ಡವರ ಹತ್ತಿರ ಮಾತಾಡಿ. ‘ಕೇಳಿದರೆ ಸಹಜ ಭಾವ ಹೋಗಿಬಿಡುತ್ತೆ’ ಅನ್ನುವುದು ಸೋಮಾರಿಗಳ ನೆಪ. ಕೇಳಿದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ, ಮಕ್ಕಳು ನಿಮ್ಮನ್ನು ಮರೆತು ಆಟಕ್ಕೆ ಹೋಗುತ್ತಾರೆ. ಸಹಜ ಭಾವ ಆಗ ಬರುತ್ತದೆ. ತೆಗೆದದ್ದನ್ನು ಸ್ಕ್ರೀನ್‌ನಲ್ಲಿ ತೋರಿಸಿ. ‘ಫೋಟೋ ಹಾಕಲಾ’ ಅಂತ ಕೇಳಿದರೆ ಸಾಲದು. ‘ಇನ್‌ಸ್ಟಾಗ್ರಾಮ್‌ಗೆ ಹಾಕ್ತೀನಿ, ಯಾರು ಬೇಕಾದ್ರೂ ನೋಡಬಹುದು, ಸ್ಪರ್ಧೆಗೂ ಕಳಿಸ್ತೀನಿ’ ಅಂತ ಬಿಡಿಸಿ ಹೇಳಿ. ನಿಮ್ಮ ನಂಬರ್ ಕೊಡಿ. ಒಂದು ಪ್ರಿಂಟ್ ಹಾಕಿಸಿ ತಲುಪಿಸಿ. ಮಗುವಿನ ಹೆಸರು, ಊರು, ಶಾಲೆ ಬರೆಯಬೇಡಿ. ಸಮವಸ್ತ್ರದ ಬ್ಯಾಡ್ಜ್ ಕಾಣುತ್ತಿದ್ದರೆ ಬೇರೆ ಫ್ರೇಮ್ ಆರಿಸಿ. ಲೊಕೇಶನ್ ಆಫ್ ಮಾಡಿ. ಮಕ್ಕಳಿಗೆ ಹತ್ತು ರೂಪಾಯಿ, ಚಾಕೊಲೇಟ್ ಕೊಟ್ಟು ನಿಲ್ಲಿಸುವುದಂತೂ ಬೇಡವೇ ಬೇಡ.

ತೇರು ಎಳೆಯುವ ಸಾವಿರಾರು ಜನರನ್ನೆಲ್ಲ ಕೇಳಬೇಕಾ ಅಂತ ಕುಚೋದ್ಯ ಮಾಡಬೇಡಿ. ಬೇಡ. ಗುಂಪು ಗುಂಪಾಗಿಯೇ ಕಾಣುವ ಚಿತ್ರಕ್ಕೆ ಯಾರನ್ನೂ ಕೇಳುವುದಿಲ್ಲ. ದೂರದಿಂದ ಜೂಮ್ ಹಾಕಿ ಒಂದು ಮುಖವನ್ನು ಆ ಗುಂಪಿನಿಂದ ಕಿತ್ತು ತೆಗೆದಿರೋ, ಆಗ ಕೇಳಬೇಕು.

ಇನ್ನೊಂದು. ಮಲಗಿದ ಮಗುವಿನ ಫೋಟೋ ಬೇಡ ಅನ್ನುವ ತಾಯಿ, ದೃಷ್ಟಿ ತಾಕುತ್ತೆ ಅನ್ನುವ ಅಜ್ಜಿ, ಆಯಸ್ಸು ಕಡಿಮೆ ಆಗುತ್ತೆ ಅನ್ನುವ ತಾತ ಸಿಗುತ್ತಾರೆ. ಅವರಿಗೆ ವಿಜ್ಞಾನ ಹೇಳಲು ಹೋಗಬೇಡಿ. ಬೇಡ ಅಂದರೆ ಬೇಡ, ಅದಕ್ಕೆ ಅವರು ಕಾರಣ ಕೊಡಬೇಕಾಗಿಯೂ ಇಲ್ಲ. ಸ್ಪರ್ಧೆಗೆ ಕಳಿಸುವುದನ್ನೂ ಬಿಡಿ. ತೀರ್ಪುಗಾರರ ಕುರ್ಚಿಯಲ್ಲಿ ನಾನಿದ್ದರೆ ಆ ಶೀರ್ಷಿಕೆ ನೋಡಿಯೇ ಪಕ್ಕಕ್ಕೆ ಇಡುತ್ತೇನೆ.

ಪ್ರಶ್ನೆ: ಮೆಟ್ರೊದಲ್ಲಿ, ಎಂ.ಜಿ. ರಸ್ತೆಯಲ್ಲಿ ಫ್ಯಾಷನ್ ಚೆನ್ನಾಗಿರುವ ಹುಡುಗಿಯರ ಕ್ಯಾಂಡಿಡ್ ತೆಗೆಯುತ್ತೇನೆ. ಇದು ಕಲೆ ಅಲ್ವಾ?

ಅಲ್ಲ. 2025ರ ಮೇನಲ್ಲಿ ನಮ್ಮ ಮೆಟ್ರೊದ ಹೆಂಗಸರನ್ನು ಕದ್ದು ಚಿತ್ರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದವನನ್ನು ಪೊಲೀಸರು ಹಿಡಿದರು. ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನದೇ ಇನ್ನೊಂದು ಕೇಸು. ಕಲೆಯ ಬಗ್ಗೆ ಠಾಣೆಯಲ್ಲಿ ವಿವರಿಸಬಹುದು.

ಪ್ರಶ್ನೆ: ಮಗುವಿನ ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಕಲ್ಲ?

ಸಾಲದು. ಕೇರಿಯವರು ಬಟ್ಟೆ, ನಿಲುವು ನೋಡಿಯೇ ಗುರುತು ಹಿಡಿಯುತ್ತಾರೆ. 2007ರಲ್ಲಿ ಒಬ್ಬ ಅಪರಾಧಿ ತನ್ನ ಮುಖವನ್ನು ಸುರುಳಿಯಂತೆ ತಿರುಚಿ ಚಿತ್ರ ಹಾಕಿದ್ದ, ಜರ್ಮನಿಯ ಪೊಲೀಸರು ಬಿಡಿಸಿ ನೋಡಿದರು. ಇನ್ನು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಅಥವಾ ಬಾಲನ್ಯಾಯ ಕಾಯ್ದೆಯ ಕೆಳಗೆ ಬರುವ (ಅಪರಾಧದ ಆರೋಪ ಹೊತ್ತ, ಇಲ್ಲವೇ ಆರೈಕೆ, ರಕ್ಷಣೆ ಬೇಕಾದ) ಮಗುವಾದರೆ ಗುರುತು ಬಿಟ್ಟುಕೊಡುವುದೇ ಅಪರಾಧ. ಬಾಲನ್ಯಾಯ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯೂಟ್ಯೂಬ್ ಚಾನೆಲ್‌ನವರೂ ಇದನ್ನು ಓದಿಕೊಳ್ಳಿ.

ಪ್ರಶ್ನೆ: ನಮ್ಮ ಸಂಘದಿಂದ ಸರ್ಕಾರಿ ಶಾಲೆಗೆ ನೋಟ್‌ಬುಕ್ ಕೊಡುತ್ತೇವೆ. ಮಕ್ಕಳ ಜೊತೆ ಫೋಟೋ ಹಾಕಬಹುದಾ?

ನೋಟ್‌ಬುಕ್ಕಿನ ಫೋಟೋ ಹಾಕಿ.

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. ಪಾರ್ಕಿನಲ್ಲಿ ಆಡುವ ಮಕ್ಕಳ ಫೋಟೋ ತೆಗೆದದ್ದಕ್ಕೆ ಬೈದರು. ನಮ್ಮೂರಲ್ಲಿ ಯಾರೂ ಬೈಯುವುದಿಲ್ಲ.

ಅಲ್ಲಿ ಚಿತ್ರದಲ್ಲಿರುವವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಅನ್ನುವ ಕಾನೂನು 1907ರಿಂದಲೇ ಇದೆ. ನಮ್ಮೂರಲ್ಲೂ ಬೈಯಬೇಕಿತ್ತು.

ಪ್ರಶ್ನೆ: ಪಾರ್ಕಿನಲ್ಲಿ ಅಪರಿಚಿತನೊಬ್ಬ ನನ್ನ ಮಗಳ ಫೋಟೋ ತೆಗೆಯುತ್ತಿದ್ದ. ನಾನು ಅವನ ವಿಡಿಯೊ ಮಾಡಿ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ. ಸರಿ ತಾನೇ?

ನಿಮ್ಮ ಭಯ ಅರ್ಥವಾಗುತ್ತದೆ. ವಿಡಿಯೊ ಹಾಕಿದ್ದು ಸರಿಯಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದ ಗೆಳೆಯರು ಹಳ್ಳಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಮುರ್ಕಿ ಗ್ರಾಮದ ಹತ್ತಿರ ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತೇ ಹೋದರು. ನಿಮ್ಮ ವಿಡಿಯೊ ಕೂಡ ನಿಮ್ಮ ಗ್ರೂಪಿನಲ್ಲೇ ನಿಲ್ಲುವುದಿಲ್ಲ. ಮೊದಲು ಅಳಿಸಿ.

ಮುಂದೆ ಹಾಗಾದರೆ ನೇರ ಹೋಗಿ, ‘ಯಾಕೆ ತೆಗೀತಿದ್ದೀರಿ, ತೋರಿಸಿ, ಡಿಲೀಟ್ ಮಾಡಿ’ ಅನ್ನಿ. ಸಾಮಾನ್ಯ ಹವ್ಯಾಸಿ ಆಗಿದ್ದರೆ ಅಲ್ಲಿಗೇ ಮುಗಿಯುತ್ತದೆ. ಫೋನ್ ಕಿತ್ತುಕೊಳ್ಳಬೇಡಿ. ತೋರಿಸಲು ಒಪ್ಪದಿದ್ದರೆ, ಅಥವಾ ಅವನು ಪದೇ ಪದೇ ಬರುತ್ತಿದ್ದರೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ವಿಡಿಯೊ ಮಾಡಿದ್ದರೆ ಅದನ್ನು ಪೊಲೀಸರಿಗೆ ಮಾತ್ರ ಕೊಡಿ.

ಪ್ರಶ್ನೆ: ಮಗಳ ನಾಮಕರಣದ ಫೋಟೋವನ್ನು ಸ್ಟುಡಿಯೊದವರು ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದಾರೆ. ತೆಗೆದವರು ಅವರೇ, ಹಕ್ಕೂ ಅವರದ್ದೇ ಅನ್ನುತ್ತಾರೆ.

ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ನೋಡಲು ಹೇಳಿ. ಅದಕ್ಕೂ ಮೊದಲು, ಬುಕ್ ಮಾಡುವಾಗ ಸಹಿ ಹಾಕಿದ ಹಾಳೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ.