ಎಂಆರ್‌ಐ ಮೆಷಿನ್ ಒಳಗೆ ಬೈಬಲ್ ಒಯ್ಯೋದಕ್ಕಾಗಲ್ಲ

ಮುಂದಿನ ವಾರ ಎಂಆರ್‌ಐ ಇದೆ, ಇಕ್ಕಟ್ಟು ಜಾಗ ಅಂದರೆ ಜೀವವೇ ಹೋದಂತಾಗುತ್ತದೆ, ಬೈಬಲ್‌ನಲ್ಲಿ ಏನು ಓದಿದರೆ ಧೈರ್ಯ ಬರುತ್ತದೆ ಅಂತ ಕೇಳಿದ್ದೀರಿ. ನನಗೂ ಇದೇ ಭಯ. ಮೊದಲ ಸಲ ಐದೇ ನಿಮಿಷಕ್ಕೆ, ತಡೆಯೋಕಾಗದಿದ್ದರೆ ಒತ್ತಿ ಕರೆಯಿರಿ ಅಂತ ಕೈಗೆ ಕೊಟ್ಟಿದ್ದ ರಬ್ಬರ್ ಬಲ್ಬ್ ಒತ್ತಿ ಹೊರಗೆ ಬಂದವನು ನಾನು. ಎರಡನೇ ಸಲ ಪೂರ್ತಿ ಮುಗಿಸಿದೆ.

ಮೊದಲ ಸಲ ಮಾಡಿದ ತಪ್ಪು ಏನೆಂದರೆ, ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಮೂವತ್ತು ನಲವತ್ತು ವಚನ ಓದಿದ್ದು. ಯೆಶಾಯ 41:10, ಯೆಹೋಶುವ 1:9, ಎಲ್ಲೆಲ್ಲೂ ಹೆದರಬೇಡ, ಹೆದರಬೇಡ. ಒಳಗೆ ಮಲಗಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಮೊಬೈಲ್ ಹೊರಗೆ, ಪುಸ್ತಕ ಹೊರಗೆ, ಕನ್ನಡಕವೂ ಹೊರಗೆ. ಅದರ ಮೇಲೆ, ಇಷ್ಟು ಓದಿಯೂ ಹೆದರುತ್ತಿದ್ದೇನಲ್ಲ, ನನ್ನ ನಂಬಿಕೆಯೇ ಸರಿಯಿಲ್ಲವೇನೋ ಅನ್ನುವ ಚಿಂತೆ ಬೇರೆ. ಗೆಳೆಯರು ಯೆರೆಮೀಯ 29:11 ಕಳಿಸಿದ್ದರು, ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅಂತ ದೇವರು ಹೇಳುವ ವಚನ. ನಿಮಗೂ ಯಾರಾದರೂ ಕಳಿಸಿಯೇ ಕಳಿಸುತ್ತಾರೆ. ಒಳ್ಳೆಯ ಮಾತೇ, ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ, ಅದರ ಹಿಂದಿನ ವಚನದಲ್ಲೇ 70 ವರ್ಷ ಆದ ಮೇಲೆ ಊರಿಗೆ ವಾಪಸ್ ಅನ್ನುವ ಲೆಕ್ಕ ಇದೆ. ಅರ್ಧ ಗಂಟೆಯ ಸ್ಕ್ಯಾನಿಗೆ ಅದು ಹೇಗೋ ಹೊಂದಲಿಲ್ಲ.

ಎರಡನೇ ಸಲಕ್ಕೆ 23ನೇ ಕೀರ್ತನೆ ಒಂದನ್ನೇ ಇಟ್ಟುಕೊಂಡೆ. ಆರೇ ವಚನ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಅರ್ಧ ಮರೆತಿತ್ತು, ಒಂದು ವಾರ ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ ಹೇಳಿ ಹೇಳಿ ವಾಪಸ್ ತಂದುಕೊಂಡೆ. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಅಂತ ಶುರು. ಚಿಕ್ಕವನಿದ್ದಾಗ ಗೊತ್ತಾಗದ ಒಂದು ವಿಷಯ ಆಗ ಗೊತ್ತಾಯಿತು. ಮೊದಲ ಮೂರು ವಚನದಲ್ಲಿ ಹಸಿರು, ನೀರು, ಒಳ್ಳೆಯ ದಾರಿ, ಅಲ್ಲೆಲ್ಲ ದೇವರು 'ಆತನು'. ನಾಲ್ಕನೆಯದರಲ್ಲಿ ಕತ್ತಲಿನ ಕಣಿವೆ ಬರುತ್ತದೆ, ಅಲ್ಲಿಂದ 'ನೀನು'. ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಾದ ತಕ್ಷಣ ದೇವರ ಹತ್ತಿರವೇ ಮಾತಾಡುತ್ತಾನೆ. ಕಣಿವೆ ತಪ್ಪಿಸು ಅಂತಲೂ ಕೇಳುವುದಿಲ್ಲ, ನೀನು ಜೊತೆಗಿದ್ದೀಯ, ಅಷ್ಟು ಸಾಕು ಅನ್ನುತ್ತಾನೆ. ಅದೇ ವಚನದಲ್ಲಿ ಕುರುಬನ ದೊಣ್ಣೆ ಬರುತ್ತದೆ, ಹುಡುಗರಾಗಿದ್ದಾಗ ಅದಕ್ಕೆ ನಗುತ್ತಿದ್ದೆವು. ಮೆಷಿನ್ ಒಳಗೆ ತಲೆ ಹತ್ತಿರವೇ ಡಬ್ ಡಬ್ ಅಂತ ಬಡಿಯೋದಕ್ಕೆ ಶುರುವಾದಾಗ ಅದೇ ನೆನಪಾಗಿ ನಗು ಬಂತು. ಅಲುಗಾಡಬಾರದಲ್ವಾ, ಕಷ್ಟಪಟ್ಟು ತಡೆದುಕೊಂಡೆ.

ಒಂದು ಉಸಿರಿಗೆ ಒಂದು ಸಾಲು. ಮುಗಿದರೆ ಮತ್ತೆ ಮೊದಲಿಂದ. ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಭಯ ಪೂರ್ತಿ ಹೋಯಿತಾ ಅಂದರೆ ಇಲ್ಲ, ಆದರೆ ಬಲ್ಬ್ ಒತ್ತುವಷ್ಟು ಇರಲಿಲ್ಲ.

ಆರು ವಚನ ಜಾಸ್ತಿ ಆಯಿತು ಅನಿಸಿದರೆ ಕೀರ್ತನೆ 56:3 ಒಂದೇ ಕಲಿಯಿರಿ. ನನಗೆ ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಅನ್ನುವ ಅರ್ಥ. ಹೆದರುವುದಿಲ್ಲ ಅಂತಲ್ಲ, ಹೆದರಿಕೆಯಾದಾಗ. ದಾವೀದನು ಗತ್ ಊರಿನಲ್ಲಿ ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕಾಗಿನದು ಅಂತ ಅದರ ತಲೆಬರಹದಲ್ಲಿದೆ. ಅದೇ ಊರಿನಲ್ಲಿ ಅವನು ಗಡ್ಡಕ್ಕೆ ಜೊಲ್ಲು ಸುರಿಸಿಕೊಂಡು ಹುಚ್ಚನ ಹಾಗೆ ನಟಿಸಿದ್ದು 1 ಸಮುವೇಲ 21ರಲ್ಲಿದೆ. ದೈತ್ಯ ಗೊಲ್ಯಾತನನ್ನು ಹೊಡೆದ ದಾವೀದನ ಕಥೆಯೇ ಹೀಗೆ, ನಾವು ಬಲ್ಬ್ ಒತ್ತಿದರೆ ಏನು ಮಹಾ? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದಾಟಿಹೋಗಲಿ ಅಂತ ಬೇಡಿಕೊಂಡಿದ್ದಾನೆ.

ಭಯ ಇದೆ ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಿಬಿಡಿ, ಒಳಗೆ ಹೋಗುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳಿ. ಮತ್ತೆ ಉಪವಾಸ ಇರಿ ಅಂತ ಡಾಕ್ಟರ್ ಹೇಳಿಲ್ಲದಿದ್ದರೆ ತಿಂಡಿ ತಿಂದೇ ಹೋಗಿ. ಪ್ರವಾದಿ ಎಲೀಯ ಸಾಕಪ್ಪಾ ಈ ಜೀವ ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ಮೊದಲು ಕೊಟ್ಟದ್ದು ಬಿಸಿ ರೊಟ್ಟಿ ಮತ್ತೆ ನೀರು.