ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಪ್ರಾಣಿಗಳ ಮಾದರಿ ಇಟ್ಟಿರುವ ಜಾಡಿಗಳಲ್ಲಿ ದ್ರವ ಇಳಿದಿದೆ. ಮೇಲಿಂದ ಸ್ಪಿರಿಟ್ ತುಂಬಿದರೆ ಸಾಕೇ?

ಸಾಲದು. ಮೊದಲು ಒಳಗಿರುವುದು ಸ್ಪಿರಿಟ್ಟೋ ಫಾರ್ಮಲಿನ್ನೋ (ಮಾದರಿ ಕೆಡದಂತೆ ಕಾಯುವ ಇನ್ನೊಂದು ದ್ರವ) ಎಂದು ಲೇಬಲ್ ನೋಡಿ. ಎರಡನ್ನೂ ಬೆರೆಸಬೇಡಿ.

ಸ್ಪಿರಿಟ್ಟಾದರೆ ಅದರಲ್ಲಿ ಆಲ್ಕೋಹಾಲ್ 70% ಇರಬೇಕು. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ, ಇಳಿದ ಜಾಡಿಯಲ್ಲಿ ನೀರಿನ ಪಾಲು ಹೆಚ್ಚಿರುತ್ತದೆ. ಅದರ ಮೇಲೆ 70%ನದ್ದನ್ನೇ ಸುರಿದರೆ ಒಟ್ಟು ಪ್ರಮಾಣ 70ಕ್ಕೆ ಏರುವುದೇ ಇಲ್ಲ. 50%ಕ್ಕಿಂತ ಕೆಳಗಾದರೆ ಕಪ್ಪೆ, ಹಾವುಗಳ ಮೈ ಮೆತ್ತಗಾಗಿ ಕೊಳೆಯತೊಡಗುತ್ತದೆ. ಹಾಗಾಗಿ ಆಲ್ಕೋಹಾಲ್‌ಮೀಟರ್ ತೇಲಿಬಿಟ್ಟು ಅಳೆಯಿರಿ.

ಆಲ್ಕೋಹಾಲ್ ಪ್ರಮಾಣ ತೀರಾ ಇಳಿದಿದ್ದರೆ ಇಡೀ ದ್ರವ ಬದಲಿಸಿ, ಆದರೆ ಒಂದೇ ಏಟಿಗಲ್ಲ. 30, 50, 70 ಎಂದು ಒಂದೊಂದು ಹಂತದಲ್ಲೂ ಒಂದೆರಡು ದಿನ ಬಿಡಬೇಕು, ಇಲ್ಲದಿದ್ದರೆ ಮೈಯ ನೀರು ಒಮ್ಮೆಲೇ ಹೊರಬಂದು ಮಾದರಿ ಸುಕ್ಕುಗಟ್ಟುತ್ತದೆ. 70% ಮಾಡಲು 95%ನ ರೆಕ್ಟಿಫೈಡ್ ಸ್ಪಿರಿಟ್ 70 ಮಿ.ಲೀ. ಅಳೆದು, ಡಿಸ್ಟಿಲ್ಡ್ ವಾಟರ್ ಸೇರಿಸಿ 95 ಮಿ.ಲೀ.ಗೆ ತನ್ನಿ. ಬೆಂಕಿ ಹತ್ತುವ ವಸ್ತು, ಕಿಟಕಿ ತೆರೆದಿರಲಿ.

ದ್ರವ ಹಳದಿಯಾಗಿದ್ದರೆ ಗಾಬರಿ ಬೇಡ, ಕೊಬ್ಬು ಮತ್ತು ಬಣ್ಣ ಕರಗಿರುತ್ತದಷ್ಟೇ. ದ್ರವ ಕದಿಯುವ ನಿಜವಾದ ಕಳ್ಳ ಮುಚ್ಚಳ: ಗಾಜಿನ ಅಂಚಿಗೆ ವ್ಯಾಸಲೀನ್ ಸವರಿ ಒತ್ತಿ ಕೂರಿಸಿ. ಒಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಬಾಲ್‌ಪೆನ್ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ. ಹಿಡಿದ ಊರು, ತಾರೀಕು ಅಳಿಸಿಹೋದ ಕಪ್ಪೆ ಸಂಶೋಧನೆಗೆ ಅಷ್ಟೇನೂ ಪ್ರಯೋಜನಕ್ಕೆ ಬಾರದು.